ಕುಸ್ವಾರ್ ಪೊಟ್ಟಣದಿಂದ ಸ್ಪ್ರೆಡ್‌ಶೀಟ್, ಗ್ರಾಫ್: ಆರು-ಏಳನೇ ಕ್ಲಾಸಿನವರಿಗೆ ಹೇಗೆ ಮಾಡಿಸುವುದು?

ಕಂಕನಾಡಿ ಟೀಚರ್

ಕ್ರಿಸ್ಮಸ್ ರಜೆಯಲ್ಲಿ ಮಕ್ಕಳಿಗೆ ಎರಡು ದಿನದ ಕಂಪ್ಯೂಟರ್ ಶಿಬಿರ ಉಂಟು, ಮಂಗಳೂರಿನಲ್ಲಿ. ಆರು ಮತ್ತು ಏಳನೇ ಕ್ಲಾಸು, ಕನ್ನಡ ಮಾಧ್ಯಮ, 24 ಮಕ್ಕಳು, ದಿನಕ್ಕೆ ಎರಡು ಗಂಟೆ. ಲ್ಯಾಪ್‌ಟಾಪ್ 6. ನಾಲ್ಕರಲ್ಲಿ ಉಬುಂಟು ಮತ್ತು ಲಿಬ್ರೆ ಆಫೀಸ್ ಕ್ಯಾಲ್ಕ್, ಎರಡರಲ್ಲಿ ಎಕ್ಸೆಲ್. ನೆಟ್ ನಂಬುವ ಹಾಗಿಲ್ಲ.

"ಅಂಕಪಟ್ಟಿ ಮಾಡಿ, ಮೊತ್ತ ಹಾಕಿ" ಅಂತ ಹೇಳಿದರೆ ಮಕ್ಕಳು ಹತ್ತೇ ನಿಮಿಷಕ್ಕೆ ಕಿಟಕಿ ನೋಡ್ತಾರೆ. ಅದಕ್ಕೆ ಬೇಕರಿಯಲ್ಲಿ ಸಿಗುವ ಮಿಕ್ಸ್ ಕುಸ್ವಾರಿನ (ಕ್ರಿಸ್ಮಸ್‌ಗೆ ಮಾಡುವ ಬಗೆಬಗೆಯ ತಿಂಡಿ) 250 ಗ್ರಾಂ ಪೊಟ್ಟಣ ಗುಂಪಿಗೊಂದರಂತೆ ಕೊಟ್ಟು, ಒಳಗೆ ಏನೇನು ಎಷ್ಟೆಷ್ಟು ಉಂಟು ಅಂತ ಎಣಿಸಿ ಗ್ರಾಫ್ ಮಾಡಿಸುವ ಯೋಚನೆ. ಟೇಬಲ್ ಯಾವ ರೂಪದಲ್ಲಿರಬೇಕು? ಯಾವ ಚಾರ್ಟ್? ಕನ್ನಡದಲ್ಲೇ ಹೆಸರು ಬರೆಸಬಹುದಾ? ಎಲ್ಲಿ ಕೈ ಕೊಡ್ತದೆ ಅಂತ ಮೊದಲೇ ಗೊತ್ತಿದ್ದವರು ಹೇಳಿ.

ಬಿಜೈ ಲೆಕ್ಕದ ಮಾಸ್ಟ್ರು

ವಿಷಯ ಒಳ್ಳೆಯದುಂಟು ಟೀಚರ್. ಆದರೆ ಎಣಿಕೆ ಒಂದೇ ಮಾಡಿಸಿದರೆ ಅರ್ಧ ಕೆಲಸ. ಅದೇ ಪೊಟ್ಟಣವನ್ನು ಎಣಿಸಲೂ ಬೇಕು, ತೂಗಲೂ ಬೇಕು. ಎಣಿಕೆಯ ಗ್ರಾಫ್ ಒಂದು ಹೇಳ್ತದೆ, ತೂಕದ ಗ್ರಾಫ್ ಇನ್ನೊಂದು. ಎರಡೂ ಸುಳ್ಳಲ್ಲ. ಮಕ್ಕಳು ಜಗಳಕ್ಕೆ ಬೀಳುವುದು ಅಲ್ಲಿಯೇ, ನಿಮಗೆ ಬೇಕಾದ್ದೂ ಅದೇ.

ಒಂದು ಲೆಕ್ಕ ಕೊಡ್ತೇನೆ. ಇದು ಉದಾಹರಣೆಗೆ ಹಾಕಿದ ಅಂಕಿ, ನಿಮ್ಮ ಪೊಟ್ಟಣದಲ್ಲಿ ಬೇರೆಯೇ ಬರಬಹುದು. ಕಿಡಿಯೊ 34 ತುಂಡು, 68 ಗ್ರಾಂ. ಗುಳಿಯೊ 22, 44 ಗ್ರಾಂ. ನೆವ್ರಿ 3, 54 ಗ್ರಾಂ. ಚಕ್ಕುಲಿ 4, 36 ಗ್ರಾಂ. ಕೊಕ್ಕಿಸಾಂ 2, 20 ಗ್ರಾಂ. ತುಕ್ಡಿ 6, 24 ಗ್ರಾಂ. ತಳದಲ್ಲಿ ಉಳಿದ ಪುಡಿ 4 ಗ್ರಾಂ. ಒಟ್ಟು 71 ತುಂಡು, 250 ಗ್ರಾಂ. ಎಣಿಕೆಯಲ್ಲಿ ಕಿಡಿಯೊ ಸುಮಾರು ಶೇಕಡಾ 48, ಅಂದರೆ ಹತ್ತಿರ ಹತ್ತಿರ ಅರ್ಧ ಪೊಟ್ಟಣ. ತೂಕದಲ್ಲಿ ನೋಡಿದರೆ 27 ಮಾತ್ರ. ನೆವ್ರಿ ಎಣಿಕೆಯಲ್ಲಿ ಶೇಕಡಾ 4, ತೂಕದಲ್ಲಿ 22 ಹತ್ತಿರ. "ಪೊಟ್ಟಣದಲ್ಲಿ ಯಾವುದು ಹೆಚ್ಚು?" ಅಂತ ಕೇಳಿದರೆ, "ಯಾವ ಲೆಕ್ಕದಲ್ಲಿ?" ಅಂತ ಮಗು ತಿರುಗಿ ಕೇಳಬೇಕು.

ಟೇಬಲ್ ಹೀಗಿರಲಿ. ಮೊದಲ ಸಾಲು ತಲೆಬರಹ. ಎ ಕಾಲಮ್ಮಿನಲ್ಲಿ ತಿಂಡಿಯ ಹೆಸರು, ಬಿ ಯಲ್ಲಿ ಊಹೆ, ಸಿ ಯಲ್ಲಿ ಎಣಿಕೆ, ಡಿ ಯಲ್ಲಿ ತೂಕ. 2ರಿಂದ 8ನೇ ಸಾಲಿನವರೆಗೆ ಆರು ತಿಂಡಿ ಮತ್ತು ಪುಡಿ. 9ನೇ ಸಾಲು ಮೊತ್ತ. ಊಹೆಯ ಕಾಲಮ್ ಬಿಡಬೇಡಿ. ಪೊಟ್ಟಣ ಬಿಚ್ಚುವ ಮೊದಲೇ ಪ್ರತಿ ಗುಂಪು ಕಾಗದದಲ್ಲಿ ಊಹೆ ಬರೆದು ನಿಮ್ಮ ಕೈಗೆ ಕೊಡಲಿ. ಬಿಚ್ಚಿದ ಮೇಲೆ ಬರೆಸಿದರೆ ಎಲ್ಲರ ಊಹೆಯೂ ಸರಿಯಾಗಿಯೇ ಬರ್ತದೆ!

ಬಿಚ್ಚುವ ಮುಂಚೆ ತುಂಡಾದದ್ದರ ನಿಯಮ ಬೋರ್ಡಿನಲ್ಲಿ ಬರೆಯಿರಿ: ಅರ್ಧ ಅಥವಾ ಅದಕ್ಕಿಂತ ದೊಡ್ಡದು ಒಂದು, ಅದಕ್ಕಿಂತ ಸಣ್ಣದೆಲ್ಲ ಪುಡಿಗೆ. ಚಕ್ಕುಲಿ, ಕೊಕ್ಕಿಸಾಂ ಎರಡೂ ಖಂಡಿತ ಒಡೆದಿರ್ತವೆ. ಒಂದು ಗುಂಪು ಒಡೆದ ಚಕ್ಕುಲಿಯನ್ನು ನಾಲ್ಕು ಅಂತಲೂ ಇನ್ನೊಂದು ಗುಂಪು ಒಂದು ಅಂತಲೂ ಎಣಿಸಿದರೆ ಎರಡನೇ ದಿನ ಗುಂಪು-ಗುಂಪಿನ ಹೋಲಿಕೆಗೆ ಅರ್ಥವೇ ಇರುವುದಿಲ್ಲ.

ತೂಕಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಒಂದು ಗ್ರಾಂ ತೋರಿಸುವಂಥದ್ದು. ಖಾಲಿ ತಟ್ಟೆ ಇಟ್ಟು ಸೊನ್ನೆ ಮಾಡಿಕೊಂಡು ಆಮೇಲೆ ತಿಂಡಿ ಹಾಕಬೇಕು. ಕಿಡಿಯೊ ಒಂದೊಂದಾಗಿ ತೂಗಲು ಬಿಡಬೇಡಿ. ತಕ್ಕಡಿ 2 ಅಂತ ತೋರಿಸಿದರೆ ನಿಜವಾದ ತೂಕ ಒಂದೂವರೆಯಿಂದ ಎರಡೂವರೆ ಗ್ರಾಮಿನ ನಡುವೆ ಎಲ್ಲಿಯೂ ಇರಬಹುದು. ಅಂಥ 34 ತಪ್ಪು ಕೂಡಿದರೆ ಏನಾಗ್ತದೆ ಅಂತ ನೀವೇ ನೋಡಿ. ಎಲ್ಲ ಕಿಡಿಯೊ ಒಟ್ಟಿಗೆ ತೂಗಿ, ಒಂದರ ತೂಕ ಬೇಕಾದರೆ ಭಾಗಿಸಲಿ. ಆ ಭಾಗಾಕಾರವೇ ಮಕ್ಕಳ ಮೊದಲ ಸೂತ್ರ ಆಗಲಿ: ಇ2 ರಲ್ಲಿ =ಡಿ2/ಸಿ2. ಮೊತ್ತಕ್ಕೆ ಸಿ9 ರಲ್ಲಿ =ಸಮ್(ಸಿ2:ಸಿ8). ಇಲ್ಲಿ ಓದಲು ಸುಲಭ ಆಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ, ಶೀಟಿನಲ್ಲಿ ಸೂತ್ರಕ್ಕೆ ಇಂಗ್ಲಿಷ್ ಅಕ್ಷರವೇ ಬೇಕು.

ಎಫ್ ಕಾಲಮ್ಮಿನಲ್ಲಿ ತೂಕದ ಶೇಕಡಾ. ಎಫ್2 ರಲ್ಲಿ =ಡಿ2/ಡಿ9*100 ಅಂತ ಬರೆಸಿ, ಬೇಕಂತಲೇ ಕೆಳಗೆ ಎಳೆಯಲು ಬಿಡಿ. ಮುಂದಿನ ಸಾಲಿನಲ್ಲಿಯೇ, ಅಂದರೆ ಎಫ್3 ರಲ್ಲಿ, ಸೊನ್ನೆಯಿಂದ ಭಾಗಿಸಿದ ದೋಷ ಬರ್ತದೆ, ಯಾಕೆಂದರೆ ಡಿ9 ಕೆಳಗೆ ಜಾರಿ ಡಿ10 ಆಗಿದೆ, ಅಲ್ಲಿ ಏನೂ ಇಲ್ಲ. ಆಗ ಡಿ$9 ಅಂತ ಡಾಲರ್ ಹಾಕಿಸಿ. ಮೊದಲೇ ಡಾಲರ್ ಹೇಳಿಕೊಟ್ಟರೆ ಅದೊಂದು ಮಂತ್ರ ಆಗ್ತದೆ, ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ.

ಮೇಲಿನ ಲೆಕ್ಕದ ಶೇಕಡಾವನ್ನು ದಶಾಂಶ ಬಿಟ್ಟು ತೋರಿಸಿದರೆ 27, 18, 22, 14, 8, 10, 2. ಕೂಡಿ ನೋಡಿ, 101. ಯಾವುದಾದರೂ ಗುಂಪಿನ ಹುಡುಗಿ ಇದನ್ನು ಹಿಡಿದೇ ಹಿಡಿಯುತ್ತಾಳೆ. ಒಂದು ದಶಾಂಶ ಇಟ್ಟರೆ 27.2, 17.6, 21.6, 14.4, 8.0, 9.6, 1.6, ಸರಿಯಾಗಿ ನೂರು. ಸೆಲ್ಲಿನಲ್ಲಿ ಕಾಣುವ ಸಂಖ್ಯೆ ಬೇರೆ, ಒಳಗಿರುವ ಸಂಖ್ಯೆ ಬೇರೆ ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ.

ಸುರತ್ಕಲ್ ಲ್ಯಾಬ್

ಮಾಸ್ಟ್ರು ಹೇಳಿದ್ದು ಸರಿ, ಆದರೆ ಒಂದು ಕಡೆ ನನ್ನ ಅಭಿಪ್ರಾಯ ಬೇರೆ. ಏಳನೇ ಕ್ಲಾಸಿನವರಿಗಾದರೂ ಮೊದಲೇ ಮೊತ್ತದ ಟೇಬಲ್ ಕೊಡಬೇಡಿ. ಒಂದು ತುಂಡಿಗೆ ಒಂದು ಸಾಲು, ಕಚ್ಚಾ ಪಟ್ಟಿ ಮಾಡಿಸಿ. ಒಬ್ಬ ತಟ್ಟೆಯಿಂದ ಎತ್ತಿ ಹೆಸರು ಕೂಗಲಿ, ಇನ್ನೊಬ್ಬ ನಮೂದಿಸಲಿ. ಆಮೇಲೆ =ಕೌಂಟ್‌ಇಫ್(ಬಿ2:ಬಿ72,"ಕಿಡಿಯೊ") ಎಣಿಕೆಯನ್ನು ತಾನೇ ಕೊಡ್ತದೆ. 71 ಸಾಲು ಹತ್ತು-ಹದಿನೈದು ನಿಮಿಷದ ಕೆಲಸ. ಸ್ಪ್ರೆಡ್‌ಶೀಟ್ ಕೂಡುವ ಯಂತ್ರ ಮಾತ್ರ ಅಲ್ಲ, ವಿಂಗಡಿಸ್ತದೆ ಕೂಡ ಅಂತ ಆಗ ಗೊತ್ತಾಗ್ತದೆ. ಆರನೇ ಕ್ಲಾಸಿನವರಿಗೆ ಕಾಗದದಲ್ಲಿ ತಾಳೆ ಗುರುತು, ನಾಲ್ಕು ಕಡ್ಡಿ, ಐದನೆಯದು ಅಡ್ಡ. ಅದು ಅವರ ಪಾಠದಲ್ಲಿಯೇ ಇದೆ.

ಕಚ್ಚಾ ಪಟ್ಟಿಯಲ್ಲಿ ಬರುವ ದೊಡ್ಡ ತಾಪತ್ರಯ ಕಾಗುಣಿತ. ಒಬ್ಬ ಕಿಡಿಯೊ, ಒಬ್ಬ ಕಿಡ್ಯೊ, ಮತ್ತೊಬ್ಬ ಕಿಡಿಯೋ. ಕಂಪ್ಯೂಟರಿಗೆ ಅದು ಮೂರು ತಿಂಡಿ. ಹೆಸರಿನ ಕೊನೆಗೆ ಒಂದು ಸ್ಪೇಸ್ ಬಿದ್ದರೂ ಎಣಿಕೆ ತಪ್ಪುತ್ತದೆ, ಕಣ್ಣಿಗೆ ಮಾತ್ರ ಕಾಣುವುದೇ ಇಲ್ಲ. ಪರಿಹಾರ, ಆರಿಸುವ ಪಟ್ಟಿ. ಕ್ಯಾಲ್ಕ್‌ನಲ್ಲಿ ಕಾಲಮ್ ಆರಿಸಿ ಡೇಟಾ ಮೆನುವಿನ ವ್ಯಾಲಿಡಿಟಿಗೆ ಹೋಗಿ ಲಿಸ್ಟ್ ಆಯ್ಕೆ ಮಾಡಿ, ಆರು ಹೆಸರು ಸಾಲಿಗೊಂದರಂತೆ ಬರೆಯಿರಿ. ಎಕ್ಸೆಲ್‌ನಲ್ಲಿ ಡೇಟಾ ವ್ಯಾಲಿಡೇಶನ್, ಅಲ್ಲಿಯೂ ಲಿಸ್ಟ್, ಹೆಸರುಗಳ ನಡುವೆ ಅಲ್ಪವಿರಾಮ. ಟೈಪ್ ಮಾಡುವ ಬದಲು ಬಾಣ ಒತ್ತಿ ಆರಿಸಿದರೆ ಆಯಿತು. ಕನ್ನಡ ಟೈಪಿಂಗ್ ಬಾರದ ಮಗುವಿಗೂ ಅನುಕೂಲ.

ಕನ್ನಡ ಹೆಸರು ಧಾರಾಳವಾಗಿ ಬರೆಸಿ, ಆದರೆ ಯೂನಿಕೋಡ್‌ನಲ್ಲಿ ಮಾತ್ರ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಹೊಡೆದರೆ ಸೆಲ್ಲಿನಲ್ಲಿ ಚಂದ ಕಾಣ್ತದೆ, ಚಾರ್ಟ್ ಹಾಕಿದ ಕೂಡಲೇ ಕೆಳಗಿನ ಹೆಸರೆಲ್ಲ ಗಜಿಬಿಜಿ ಇಂಗ್ಲಿಷ್ ಚಿಹ್ನೆ. ಚಾರ್ಟ್ ತನ್ನದೇ ಫಾಂಟ್ ಹಿಡಿಯುವುದರಿಂದ ಹಾಗಾಗುವುದು. ಉಬುಂಟುವಿನಲ್ಲಿ ನೋಟೊ ಸಾನ್ಸ್ ಕನ್ನಡ, ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಇದ್ದರೆ ಸಾಕು. ಅಂಕಿ ಮಾತ್ರ 1, 2, 3 ಇರಲಿ. ಕನ್ನಡ ಅಂಕಿ ಹೊಡೆದರೆ ಎಕ್ಸೆಲ್ ಅದನ್ನು ಅಕ್ಷರ ಅಂತ ತಿಳಿದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅದೇ ಜಾತಿಯ ಇನ್ನೊಂದು ತಪ್ಪು ಎಲ್ಲ ಗುಂಪಿನಲ್ಲಿಯೂ ಬರ್ತದೆ: ಸೆಲ್ಲಿನಲ್ಲಿ "68 ಗ್ರಾಂ" ಅಂತ ಬರೆಯುವುದು. ಗ್ರಾಂ ಸೇರಿದ ಕೂಡಲೇ ಅದು ಸಂಖ್ಯೆ ಅಲ್ಲ. ಸಮ್ ಅದನ್ನು ಸುಮ್ಮನೆ ಬಿಟ್ಟುಬಿಡ್ತದೆ, ದೋಷ ಅಂತಲೂ ಹೇಳುವುದಿಲ್ಲ. ಮೊತ್ತ ಕಡಿಮೆ ಬಂದದ್ದು ಯಾರ ಗಮನಕ್ಕೂ ಬರುವುದಿಲ್ಲ, ಅದೇ ಅಪಾಯ. ಗುರುತಿಸುವುದು ಸುಲಭ: ಸಂಖ್ಯೆ ಸೆಲ್ಲಿನ ಬಲಕ್ಕೆ ಅಂಟಿರ್ತದೆ, ಅಕ್ಷರ ಎಡಕ್ಕೆ. ಆದ್ದರಿಂದ ಮೊದಲ ದಿನ ಯಾರಿಗೂ ಸೆಂಟರ್ ಬಟನ್ ಮುಟ್ಟಲು ಬಿಡಬೇಡಿ, ಆ ಸುಳಿವು ಹೋಗ್ತದೆ. "ಗ್ರಾಂ" ತಲೆಬರಹಕ್ಕೆ ಸಾಕು. ತೋರಿಸಲೇಬೇಕು ಅಂತ ಹಟ ಹಿಡಿದರೆ ಫಾರ್ಮ್ಯಾಟ್ ಸೆಲ್ಸ್‌ನಲ್ಲಿ 0" ಗ್ರಾಂ" ಅಂತ ಕೊಡಿ. ಕಾಣುವುದು ಗ್ರಾಂ, ಒಳಗೆ ಬರೀ ಸಂಖ್ಯೆ.

ಇಡೀ 5, ಒಡೆದದ್ದು 2 ಅನ್ನಲು ಕೆಲವರು 5-2 ಅಂತ ಹೊಡೀತಾರೆ. ಎಕ್ಸೆಲ್ ಅದನ್ನು ತಾರೀಖು ಮಾಡಿ ಕೂರ್ತದೆ. ಎರಡು ಸಂಗತಿಗೆ ಎರಡು ಕಾಲಮ್, ಬೇರೆ ದಾರಿ ಇಲ್ಲ.

ಪುಡಿಯ ಸಾಲಿಗೆ ಎಣಿಕೆ ಇಲ್ಲ, ಹಾಗಾಗಿ ಮಾಸ್ಟ್ರ ಇ ಕಾಲಮ್ಮಿನಲ್ಲಿ ಅಲ್ಲಿಯೂ ಭಾಗಾಕಾರದ ದೋಷ ಬರ್ತದೆ. ಆ ಒಂದು ಸೆಲ್ ಅಳಿಸಿದರೆ ಮುಗಿಯಿತು. ಇಫ್ ಸೂತ್ರ ಈಗಲೇ ಬೇಡ.

ಬೆಂದೂರ್ ಅಡುಗೆಮನೆ

ಗ್ರಾಫ್ ನನಗೆ ಗೊತ್ತಿಲ್ಲದ ವಿಷಯ, ತಿಂಡಿಯ ಬಗ್ಗೆ ಹೇಳ್ತೇನೆ. ನೆವ್ರಿಯೊಳಗೆ ಎಳ್ಳು ಇರ್ತದೆ, ಗೇರುಬೀಜವೂ ಇರಬಹುದು. ಕಿಡಿಯೊ, ಕೊಕ್ಕಿಸಾಂ ಹಿಟ್ಟಿಗೆ ತುಂಬಾ ಕಡೆ ಮೊಟ್ಟೆ ಹಾಕ್ತಾರೆ. ಮೊಟ್ಟೆ ತಿನ್ನದ ಮಕ್ಕಳು, ಬೀಜ ಆಗದ ಮಕ್ಕಳು ಯಾರು ಅಂತ ಮನೆಯವರನ್ನು ಮೊದಲೇ ಕೇಳಿ, ಪೊಟ್ಟಣದ ಮೇಲಿನ ಪಟ್ಟಿಯನ್ನೂ ಓದಿ. ಎಣಿಸಿದ್ದನ್ನು ತಿನ್ನುವುದಿದ್ದರೆ ಕೈ ತೊಳೆಸಿ, ಸ್ಟೀಲ್ ಬಟ್ಟಲಿಗೆ ವಿಂಗಡಿಸಿ. ಎಣಿಸುವಾಗ ಬಾಯಿಗೆ ಹಾಕಿದರೆ ನಿಮ್ಮ ಲೆಕ್ಕವೇ ತಪ್ಪುವುದು ಅಲ್ವಾ.

ನಮ್ಮ ಕಡಲ ಗಾಳಿಗೆ ಬಿಚ್ಚಿಟ್ಟ ಕೊಕ್ಕಿಸಾಂ, ಚಕ್ಕುಲಿ ಬೇಗ ಮೆತ್ತಗಾಗ್ತವೆ. ಎರಡನೇ ದಿನಕ್ಕೆ ಅಂತ ಬಿಚ್ಚಿದ ಪೊಟ್ಟಣ ಉಳಿಸಬೇಡಿ. ಎಣಿಕೆ-ತೂಕ ಎರಡೂ ಒಂದೇ ದಿನ ಮುಗಿಸಿ. ಎಣ್ಣೆ ಕೈಯಲ್ಲಿ ಕೀಬೋರ್ಡ್ ಮುಟ್ಟುವವರಿಗೆ ಬೇರೆ ಕೆಲಸ ಕೊಡಿ: ಒಬ್ಬರು ಟೈಪಿಗೆ ಮಾತ್ರ, ಉಳಿದ ಮೂವರು ತಟ್ಟೆಗೆ.

ಕಂಕನಾಡಿ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಚಾರ್ಟಿನ ಪ್ರಶ್ನೆ ಹಾಗೆಯೇ ಉಳಿಯಿತು. ಮಕ್ಕಳು ಕೇಳುವುದು ಬಣ್ಣ ಬಣ್ಣದ ಪೈ ಚಾರ್ಟ್, ಅದೂ ತ್ರೀಡಿ. ಕೊಡಬಹುದಾ? ಆರು ಗುಂಪಿನ ಲೆಕ್ಕ ಒಂದೇ ಕಡೆ ತರುವುದು ಹೇಗೆ?

ಬಿಜೈ ಲೆಕ್ಕದ ಮಾಸ್ಟ್ರು

ಮೊದಲು ಕಂಬದ ಗ್ರಾಫ್, ಅಂದರೆ ಪಾಠಪುಸ್ತಕದ ಸ್ತಂಭಾಲೇಖ. ಪೈ ಬೇಕಾದರೆ ಕೊನೆಗೆ ಒಂದು, ತೂಕದ ಪಾಲು ತೋರಿಸಲು ಮಾತ್ರ. ಪೈ ಅಂದರೆ ಒಂದು ಇಡೀ ವಸ್ತುವಿನ ಪಾಲು. ಊಹೆಯನ್ನೂ ಎಣಿಕೆಯನ್ನೂ ಒಂದು ಪೈಯಲ್ಲಿ ಹಾಕಲು ಬರುವುದಿಲ್ಲ, ಆರು ಗುಂಪಿನ ಕಿಡಿಯೊ ಹೋಲಿಸಲೂ ಬರುವುದಿಲ್ಲ. ತ್ರೀಡಿ ಬೇಡವೇ ಬೇಡ, ಮುಂದೆ ಬಾಗಿದ ಪಾಲು ಹಿಂದಿನದ್ದಕ್ಕಿಂತ ದೊಡ್ಡದು ಕಾಣ್ತದೆ. ನಂಬದ ಮಕ್ಕಳಿಗೆ ಅದೇ ಪೈಯನ್ನು ತಿರುಗಿಸಿ ತೋರಿಸಿ.

ಮೊದಲ ಚಾರ್ಟ್: ಎ1 ರಿಂದ ಸಿ8 ರವರೆಗೆ ಆರಿಸಿ ಕಾಲಮ್ ಚಾರ್ಟ್ ಹಾಕಿದರೆ ಪ್ರತಿ ತಿಂಡಿಗೆ ಊಹೆ-ಎಣಿಕೆ ಜೋಡಿ ಕಂಬ ಬರ್ತದೆ. 9ನೇ ಸಾಲನ್ನು ಸೇರಿಸಿದರೆ ಮೊತ್ತದ 71ರ ಕಂಬ ಆಕಾಶಕ್ಕೆ ಹೋಗಿ ಉಳಿದದ್ದೆಲ್ಲ ಕುಳ್ಳಾಗ್ತದೆ. ಆರು ಗುಂಪಿನಲ್ಲಿ ಒಂದೆರಡು ಖಂಡಿತ ಹಾಗೆ ಮಾಡ್ತವೆ, ಬೈಯಬೇಡಿ, "ಮೊತ್ತ ಅಂತ ಒಂದು ತಿಂಡಿ ಉಂಟಾ?" ಅಂತ ಕೇಳಿದರೆ ಸಾಕು. ತೂಕದ ಚಾರ್ಟಿಗೆ ಎ ಮತ್ತು ಡಿ ಮಾತ್ರ ಬೇಕು. ಎ1 ರಿಂದ ಎ8 ಆರಿಸಿ, ಕಂಟ್ರೋಲ್ ಒತ್ತಿ ಹಿಡಿದು ಡಿ1 ರಿಂದ ಡಿ8 ಆರಿಸಬೇಕು.

ಚಾರ್ಟಿಗೆ ಮುಂಚೆ ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿದರೆ ಓದಲು ಸುಲಭ. ಆದರೆ ಸಿ ಕಾಲಮ್ ಒಂದನ್ನೇ ಆರಿಸಿ ಸಾರ್ಟ್ ಒತ್ತಿದರೆ, ಆಗ ಕಂಪ್ಯೂಟರ್ ಕೇಳುವ ಪ್ರಶ್ನೆಗೆ ಹಿಂದೆ ಮುಂದೆ ನೋಡದೆ ಉತ್ತರಿಸಿದರೆ, ಸಂಖ್ಯೆ ಮಾತ್ರ ಜಾಗ ಬದಲಿಸಿ ಹೆಸರು ಅಲ್ಲೇ ಇರ್ತದೆ. 3 ಇದ್ದ ನೆವ್ರಿ 6 ಆಗಿಬಿಡ್ತದೆ! ಮೊತ್ತದ ಸಾಲು ಬಿಟ್ಟು ಇಡೀ ಟೇಬಲ್ ಆರಿಸಿಯೇ ಸಾರ್ಟ್ ಮಾಡಿಸಿ.

ಅಕ್ಷದ ವಿಷಯ ಎರಡನೇ ದಿನಕ್ಕೆ ಇಟ್ಟುಕೊಳ್ಳಿ. ಆರು ಪೊಟ್ಟಣದ ಒಟ್ಟು ತೂಕ 252, 248, 255, 247, 251, 249 ಬಂತು ಅಂತ ಇಟ್ಟುಕೊಳ್ಳಿ. ಇಂಥ ಹತ್ತಿರದ ಸಂಖ್ಯೆಗೆ ಎಕ್ಸೆಲ್ ತಾನಾಗಿಯೇ ಅಕ್ಷವನ್ನು ಸೊನ್ನೆಯಿಂದ ಶುರು ಮಾಡುವುದಿಲ್ಲ. 245ರಿಂದ ಶುರುವಾದರೆ 255ರ ಕಂಬ 247ರದ್ದರ ಐದು ಪಟ್ಟು ಎತ್ತರ, ನಿಜವಾದ ವ್ಯತ್ಯಾಸ 8 ಗ್ರಾಂ. "ಬೇಕರಿಯವರು ಮೋಸ ಮಾಡಿದ್ದಾರೆ" ಅಂತ ಗಲಾಟೆ ಏಳಲಿ. ಆಮೇಲೆ ಅಕ್ಷದ ಮೇಲೆ ಎರಡು ಸಲ ಕ್ಲಿಕ್ ಮಾಡಿ ಮಿನಿಮಮ್ 0 ಕೊಡಿಸಿ, ಎಲ್ಲ ಕಂಬ ಒಂದೇ ಎತ್ತರ ಆಗುವುದನ್ನು ನೋಡಲಿ. ಪತ್ರಿಕೆಯ ಗ್ರಾಫ್ ನೋಡುವಾಗ ಮೊದಲು ಎಡಗಡೆಯ ಅಂಕಿ ನೋಡುವ ಅಭ್ಯಾಸ ಇಲ್ಲಿಂದಲೇ ಬರುವುದು.

ಸುರತ್ಕಲ್ ಲ್ಯಾಬ್

ಆರು ಗುಂಪಿನದ್ದು ಒಂದೇ ಕಡೆ ತರಲು ಪೆನ್‌ಡ್ರೈವ್ ಸಾಕು. ಎಲ್ಲ ಗುಂಪೂ ಒಂದೇ ಖಾಲಿ ಫೈಲಿನಿಂದ ಶುರು ಮಾಡಿರಬೇಕು, ತಿಂಡಿಗಳ ಕ್ರಮ ಒಂದೇ ಇರಬೇಕು. ಮಾಸ್ಟ್ರ ಸಾರ್ಟ್ ಮಾಡಿಸುವುದಿದ್ದರೆ ಅದನ್ನು ನಕಲು ಶೀಟಿನಲ್ಲಿ ಮಾಡಿಸಿ, ಇಲ್ಲದಿದ್ದರೆ ಅಂಟಿಸುವಾಗ ಒಬ್ಬರ ಗುಳಿಯೊ ಇನ್ನೊಬ್ಬರ ತುಕ್ಡಿಯ ಎದುರು ಕೂರ್ತದೆ. ಎಣಿಕೆ ಸೂತ್ರದಿಂದ ಬಂದದ್ದಾದರೆ ನೇರ ಪೇಸ್ಟ್ ಮಾಡಬೇಡಿ, ಸೂತ್ರವೇ ಬಂದು ಹೊಸ ಶೀಟಿನ ಬೇರೆ ಯಾವುದೋ ಸೆಲ್ ಎಣಿಸ್ತದೆ. ಪೇಸ್ಟ್ ಸ್ಪೆಷಲ್‌ಗೆ ಹೋಗಿ ಬೆಲೆಗಳನ್ನು (ವ್ಯಾಲ್ಯೂಸ್, ಅಂದರೆ ಬರೀ ಸಂಖ್ಯೆ) ಮಾತ್ರ ಅಂಟಿಸಿ.

ಗುಂಪಿನ ಕಾಲಮ್ಮಿಗೆ 1, 2, 3 ಅಂತ ಬರೆಸಬೇಡಿ, ಚಾರ್ಟ್ ಅದನ್ನೂ ಅಳತೆ ಅಂತ ತಿಳಿದು ಕಂಬ ಹಾಕ್ತದೆ. "ಗುಂಪು 1" ಅಂತ ಅಕ್ಷರ ಸೇರಿಸಿದರೆ ಸರಿ. ಕ್ಯಾಲ್ಕ್‌ನಲ್ಲಿ ಮೊದಲ ಕಾಲಮ್ ಹೆಸರು ಅಂತ ಹೇಳುವ ಚೆಕ್ ಬಾಕ್ಸ್ ಚಾರ್ಟ್ ವಿಝಾರ್ಡಿನಲ್ಲಿಯೇ ಉಂಟು.

ಮಣಿಪಾಲ ಕಾಲಮ್

ಉಡುಪಿ ಕಡೆಯವರು ಇದನ್ನೇ ಅಷ್ಟಮಿಗೆ ಚಕ್ಕುಲಿ-ಉಂಡೆ ಇಟ್ಟು ಮಾಡಬಹುದು. ತಿಂಡಿಯೇ ಬೇಡ ಅನ್ನುವವರಿಗೆ, ಅಥವಾ ಎರಡನೇ ದಿನ ಅರ್ಧ ಗಂಟೆ ಉಳಿದರೆ, ಎರಡು ಸಣ್ಣ ಕೆಲಸ.

ಒಂದು, ಪರ್ಯಾಯದ ಪಟ್ಟಿ, ಅಂದರೆ ಉಡುಪಿ ಕೃಷ್ಣ ಮಠದ ಪೂಜೆ ಎರಡೆರಡು ವರ್ಷಕ್ಕೆ ಎಂಟು ಮಠಗಳಲ್ಲಿ ಯಾವುದಕ್ಕೆ ಅನ್ನುವ ಸರದಿ. ಎ ಕಾಲಮ್ಮಿನಲ್ಲಿ 2018, ಅದರ ಕೆಳಗೆ 2020. ಎರಡೂ ಸೆಲ್ ಆರಿಸಿ ಮೂಲೆಯ ಚೌಕ ಹಿಡಿದು ಕೆಳಗೆ ಎಳೆದರೆ 2022, 2024 ಬರ್ತಾ ಹೋಗ್ತದೆ. ಬಿ ಯಲ್ಲಿ ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ ಬರೆದು, ಎಂಟನ್ನೂ ಆರಿಸಿ ಎಳೆದರೆ ಸರದಿ ಮತ್ತೆ ಪಲಿಮಾರಿನಿಂದ ಶುರು, 2034ರ ಎದುರು. ಪುತ್ತಿಗೆಯ ಮುಂದಿನ ಸರದಿ 2040 ಅಂತ ಮಕ್ಕಳೇ ಹೇಳ್ತಾರೆ. ಎಳೆಯುವಾಗ ಗಮನಿಸಿ: 2018 ಒಂದನ್ನೇ ಆರಿಸಿ ಎಳೆದರೆ ಎಕ್ಸೆಲ್ ಎಲ್ಲ ಕಡೆ 2018 ತುಂಬ್ತದೆ, ಕ್ಯಾಲ್ಕ್ 2019, 2020 ಅಂತ ಒಂದೊಂದೇ ಹೆಚ್ಚಿಸ್ತದೆ. ನಿಮ್ಮಲ್ಲಿ ಎರಡೂ ಇರುವುದರಿಂದ ಪಕ್ಕದ ಗುಂಪಿನ ಪರದೆ ನೋಡಿ ಗೊಂದಲ ಆಗ್ತದೆ. ಇದಕ್ಕೆ ಗ್ರಾಫ್ ಹಾಕಿಸಬೇಡಿ. ಹೆಸರು-ವರ್ಷದ ಪಟ್ಟಿಯಲ್ಲಿ ಅಳತೆಯೇ ಇಲ್ಲ, ಕಂಬ ಯಾವುದರ ಎತ್ತರ? ಎಲ್ಲ ಟೇಬಲ್ಲಿಗೂ ಗ್ರಾಫ್ ಬೇಕಿಲ್ಲ ಅಂತ ಗೊತ್ತಾಗುವುದೂ ಬೇಕು.

ಎರಡು, ಕ್ರಿಸ್ಮಸ್ ಯಾವ ವಾರ? ಎ2 ರಲ್ಲಿ 2022, ಬಿ2 ರಲ್ಲಿ =ಡೇಟ್(ಎ2,12,25), ಆ ಸೆಲ್ಲಿಗೆ ವಾರದ ಹೆಸರು ತೋರಿಸುವ ಫಾರ್ಮ್ಯಾಟ್. 2022 ಭಾನುವಾರ, 2023 ಸೋಮವಾರ, 2024 ಬುಧವಾರ. ಮಂಗಳವಾರ ಎಲ್ಲಿ ಹೋಯಿತು ಅಂತ ಹುಡುಕಲು ಬಿಡಿ. 2025 ಗುರುವಾರ, 2026 ಶುಕ್ರವಾರ, 2027 ಶನಿವಾರ, 2028 ಪುನಃ ಒಂದು ಹಾರಿ ಸೋಮವಾರ. ಫೆಬ್ರವರಿ 29 ಅಂತ ಯಾರಾದರೂ ಹೇಳುವವರೆಗೆ ನೀವು ಬಾಯಿ ಬಿಡಬೇಡಿ. ಎ2 ರಲ್ಲಿ ವರ್ಷದ ಬದಲು ಇಡೀ ತಾರೀಖು ಹೊಡೆದರೆ ಸೂತ್ರ ಕೆಡ್ತದೆ, ಬರೀ ನಾಲ್ಕು ಅಂಕಿ ಸಾಕು.

ಮತ್ತೆ ಪ್ರಿಂಟ್. ಶಿಬಿರದ ಕೊನೆಗೆ ಗೋಡೆಗೆ ಅಂಟಿಸುವುದಾದರೆ ಬಣ್ಣದ ಪ್ರಿಂಟ್ ದುಬಾರಿ, ಝೆರಾಕ್ಸ್ ಅಂಗಡಿಯ ಕಪ್ಪು-ಬಿಳುಪಿನಲ್ಲಿ ಕೆಂಪು, ಹಸಿರು ಎರಡೂ ಒಂದೇ ಬೂದು. ಊಹೆಗೆ ತೀರ ತಿಳಿ ಬಣ್ಣ, ಎಣಿಕೆಗೆ ಗಾಢ ಬಣ್ಣ ಕೊಟ್ಟು ಪ್ರತಿ ಕಂಬದ ತಲೆಯ ಮೇಲೆ ಸಂಖ್ಯೆ ಬರುವ ಹಾಗೆ ಡೇಟಾ ಲೇಬಲ್ ಹಾಕಿಸಿ. ಚಾರ್ಟಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ ಪ್ರಿಂಟ್ ಕೊಟ್ಟರೆ ಎಕ್ಸೆಲ್ ಚಾರ್ಟ್ ಒಂದನ್ನೇ ಇಡೀ ಪುಟಕ್ಕೆ ಹಿಗ್ಗಿಸಿ ಕೊಡ್ತದೆ. ಟೇಬಲ್ಲೂ ಬೇಕಾದರೆ ಮೊದಲು ಬೇರೆ ಖಾಲಿ ಸೆಲ್ಲಿನ ಮೇಲೆ ಕ್ಲಿಕ್ ಮಾಡಿ.